ಓದುಗರ ಪ್ರಶ್ನೆ: ಬಾರ್ಜ್ ಡೆಕ್ಕಿನ ಮೇಲೆ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಾರ್ಜ್, ಅಂದರೆ ಸರಕು ಒಯ್ಯುವ ಚಪ್ಪಟೆ ತಳದ ದೊಡ್ಡ ದೋಣಿ, ಓಡುವಂಥ ಹೊಳೆ ಒಂದೂ ಇಲ್ಲ. ಪಾಲಾರ್, ಪಿನಾಕಿನಿ, ಅರ್ಕಾವತಿ ನಂದಿಬೆಟ್ಟದ ಸುತ್ತಮುತ್ತ ಹುಟ್ಟುತ್ತವೆ, ಶಿಂಷಾ ಮತ್ತು ಜಯಮಂಗಲಿ ದೇವರಾಯನದುರ್ಗದ ಕಡೆ. ಹುಟ್ಟುವುದಷ್ಟೇ ನಮ್ಮಲ್ಲಿ, ಮೈತುಂಬಿಕೊಳ್ಳುವುದು ಬೇರೆಯವರ ಸೀಮೆಯಲ್ಲಿ. ಹಾಗಿದ್ದೂ ನದಿ ಬಾರ್ಜ್‌ಗಳಲ್ಲಿ ಡೆಕ್‌ಹ್ಯಾಂಡ್, ಅಂದರೆ ಖಲಾಸಿ ಕೆಲಸ ಹೇಗಿರುತ್ತದೆ ಎಂದು ಕೇಳಿ ಈ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಡೆಕ್ ಕೆಲಸದಲ್ಲಿ ಪಳಗಿದವರಿಂದ ಉತ್ತರ ಬರೆಸಿದ್ದೇವೆ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್ ಪಾಸ್. ಬಾವಿಯಲ್ಲಿ ಈಜಿದ್ದು ಬಿಟ್ಟರೆ ನೀರಿನ ಪರಿಚಯ ಇಲ್ಲ. ಡೆಕ್‌ಹ್ಯಾಂಡ್ ಅಂದರೆ ದಿನಾ ಏನು ಮಾಡಬೇಕು? ಕೆಲಸ ಎಲ್ಲಿ ಸಿಗುತ್ತದೆ? (ಪಾವಗಡ)

ಹಗ್ಗ ಕಟ್ಟುವುದು, ಬಿಚ್ಚುವುದು, ಲಂಗರು ಇಳಿಸುವುದು, ಎತ್ತುವುದು, ನೀರಿನ ಆಳ ಅಳೆಯುವುದು, ಸರಕು ತುಂಬುವ ಹೋಲ್ಡ್ ಗುಡಿಸುವುದು, ತುಕ್ಕು ಕೆರೆದು ಬಣ್ಣ ಹೊಡೆಯುವುದು, ರಾತ್ರಿ ಕಾವಲು. ಮಾಸ್ಟರ್, ಅಂದರೆ ಬಾರ್ಜ್ ನಡೆಸುವವರು, ಚುಕ್ಕಾಣಿಯ ಗಾಲಿ ಹಿಡಿದಿದ್ದಾಗ ಮುಂಭಾಗದಲ್ಲಿ ನಿಂತು ಅವರಿಗೆ ಕಾಣದ್ದನ್ನು ನೋಡಿ ಕೂಗಿ ಹೇಳುವುದೂ ಇವರ ಪಾಲಿನದೇ. ಖಾಲಿ ಬಾರ್ಜ್‌ನ ಮೂತಿ ಮೇಲೆದ್ದಿರುತ್ತದೆ. ಹಿಂದಿನ ವೀಲ್‌ಹೌಸ್, ಅಂದರೆ ಚಾಲನೆಯ ಕೋಣೆಯಿಂದ ನೋಡುವವರಿಗೆ ಮುಂದಿನ ಬಹಳಷ್ಟು ನೀರು ಮರೆಯಾಗುತ್ತದೆ. ಅಲ್ಲೇ ಮೀನುಗಾರರ ಸಣ್ಣ ದೋಣಿಗಳು ಇರುವುದು.

ಕೆಲಸ ಇರುವ ಜಾಗಗಳಲ್ಲಿ ಮೊದಲನೆಯದು ಗಂಗಾ. ರಾಷ್ಟ್ರೀಯ ಜಲಮಾರ್ಗ 1, ಹಲ್ದಿಯಾದಿಂದ ಪ್ರಯಾಗರಾಜದವರೆಗೆ 1620 ಕಿಲೋಮೀಟರ್. ಎರಡನೆಯದು ಬ್ರಹ್ಮಪುತ್ರ, ಧುಬ್ರಿಯಿಂದ ಸದಿಯಾವರೆಗೆ 891 ಕಿಲೋಮೀಟರ್. ಕೋಲ್ಕತ್ತಾ ಕಡೆಯಿಂದ ಬಾಂಗ್ಲಾದೇಶಕ್ಕೆ ಹಾರುಬೂದಿ ಒಯ್ಯುವ ಬಾರ್ಜ್‌ಗಳು ಇನ್ನೊಂದು ಕಡೆ. ನಮಗೆ ಹತ್ತಿರದ್ದು ಗೋವಾ: ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ಕಬ್ಬಿಣದ ಅದಿರಿನ ಬಾರ್ಜ್‌ಗಳು. ಅಲ್ಲಿ ಕೆಲಸ ಗಣಿಯ ಹಣೆಬರಹಕ್ಕೆ ಅಂಟಿಕೊಂಡಿದೆ. 2012ರಲ್ಲಿ ಗಣಿಗಾರಿಕೆ ನಿಂತಾಗ ಬಾರ್ಜ್‌ಗಳೂ ದಡದಲ್ಲಿ ನಿಂತವು, 2018ರಲ್ಲಿ ಮತ್ತೆ ಅದೇ ಆಯಿತು. ಗೋವಾಕ್ಕೆ ಹೊರಡುವ ಮುಂಚೆ ಆ ವರ್ಷ ಗಣಿ ನಡೆಯುತ್ತಿದೆಯೇ ಎಂದು ವಿಚಾರಿಸಿ, ಆಮೇಲೆ ಬಸ್ ಹತ್ತಿ.

ಪ್ರಶ್ನೆ: ಒಬ್ಬ ಏಜೆಂಟರು ‘ಸಿಡಿಸಿ ಮಾಡಿಸಿಕೊಡುತ್ತೇನೆ, ಬಾರ್ಜ್ ಕೆಲಸ ಗ್ಯಾರಂಟಿ’ ಎಂದು ದುಡ್ಡು ಕೇಳುತ್ತಿದ್ದಾರೆ. ಕೊಡಬಹುದೇ? (ಮುಳಬಾಗಿಲು)

ಕೊಡಬೇಡಿ. ಸಿಡಿಸಿ (ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್) ಎನ್ನುವುದು ಸಮುದ್ರದ ಹಡಗಿನವರ ಸೇವಾ ದಾಖಲೆಯ ಪುಸ್ತಕ. ಅದು ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ವ್ಯವಸ್ಥೆಗೆ ಸೇರಿದ್ದು. ಒಳನಾಡಿನ ನೀರಿನ ಕಾಗದಪತ್ರವೇ ಬೇರೆ, ಅದು 2021ರ ಒಳನಾಡು ಹಡಗುಗಳ ಕಾಯ್ದೆಯ ಕೆಳಗೆ ಬರುತ್ತದೆ. 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದ ಈ ಕಾಯ್ದೆಯಿಂದ ಕೆಲಸಗಾರರಿಗೆ ಆದ ಲಾಭ ಒಂದಿದೆ: ಒಂದು ರಾಜ್ಯದಲ್ಲಿ ಪಡೆದ ಸರ್ಟಿಫಿಕೇಟು ಈಗ ದೇಶದ ಎಲ್ಲಾ ಕಡೆ ನಡೆಯುತ್ತದೆ.

ತರಬೇತಿಗೆ ಪಾಟ್ನಾದ ಗಾಯ್‌ಘಾಟ್‌ನಲ್ಲಿ ರಾಷ್ಟ್ರೀಯ ಒಳನಾಡು ನೌಕಾಯಾನ ಸಂಸ್ಥೆ ಇದೆ. ಅದನ್ನು ನಡೆಸುವುದು ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರ. ಗೋವಾದ ವಿಚಾರಕ್ಕೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿ, ನಮ್ಮ ರಾಜ್ಯದ ವಿಚಾರಕ್ಕೆ ಕರ್ನಾಟಕ ಮ್ಯಾರಿಟೈಮ್ ಬೋರ್ಡ್. ಏಜೆಂಟರು ಹೇಳಿದ ಕೋರ್ಸಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಈ ಕಚೇರಿಗಳಲ್ಲೇ ಕೇಳಿ. ಸಮುದ್ರದ ಹಡಗಿಗೇ ಹೋಗುವುದಾದರೂ ಲೈಸೆನ್ಸ್ ಇರುವ ನೇಮಕಾತಿ ಸಂಸ್ಥೆ ಕೆಲಸ ಕೊಡಿಸಿದ್ದಕ್ಕೆಂದು ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ದುಡ್ಡು ಕೇಳಿದರೆಂದರೆ ಅಲ್ಲಿಗೆ ಅವರ ಬಂಡವಾಳ ಗೊತ್ತಾಯಿತು.

ಪ್ರಶ್ನೆ: ನಮ್ಮದು ನಾರು, ಹಗ್ಗದ ಊರು. ಬಾರ್ಜ್ ಕಟ್ಟಲು ತೆಂಗಿನ ನಾರಿನ ಹಗ್ಗ ಬಳಸುತ್ತಾರೆಯೇ? ಹಗ್ಗದ ಬಗ್ಗೆ ಖಲಾಸಿಗೆ ಏನೇನು ಗೊತ್ತಿರಬೇಕು? (ತಿಪಟೂರು)

ಹಿಂದೆ ಬಳಸುತ್ತಿದ್ದರು. ತೆಂಗಿನ ನಾರು ನೀರಿನಲ್ಲಿ ತೇಲುತ್ತದೆ, ಚೆನ್ನಾಗಿ ಹಿಗ್ಗುತ್ತದೆ, ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ. ಆದರೆ ಅದೇ ದಪ್ಪದ ಮನಿಲಾ ಹಗ್ಗದ ಮುಂದೆ ಶಕ್ತಿ ತೀರಾ ಕಡಿಮೆ. ಈಗ ಬಾರ್ಜ್ ಪಕ್ಕ ಇಳಿಬಿಡುವ ಫೆಂಡರ್‌ಗೆ ನಾರು ಸಿಗಬಹುದು, ಅದೂ ಹಳೇ ಲಾರಿ ಟೈರ್ ಸಿಕ್ಕದಿದ್ದರೆ.

ಇವತ್ತು ಡೆಕ್ಕಿನ ಮೇಲೆ ಹೆಚ್ಚಾಗಿ ಇರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಗ್ಗ. ಅಗ್ಗ, ಹಗುರ, ತೇಲುತ್ತದೆ. ತೇಲುವುದು ಸಣ್ಣ ವಿಷಯವಲ್ಲ: ನೀರಿಗೆ ಬಿದ್ದ ಹಗ್ಗ ಮುಳುಗಿ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಅವತ್ತಿನ ಕೆಲಸ ಮುಗಿದಂತೆ. ಇದಕ್ಕೆ ಎರಡು ದೌರ್ಬಲ್ಯ. ಮೊದಲನೆಯದು ಬಿಸಿಲು. ಮೇಲಿನ ಎಳೆಗಳು ಬಿಳಿಚಿ, ಉಗುರಿನಿಂದ ಕೆರೆದರೆ ಪುಡಿ ಉದುರಿದರೆ ಆ ಹಗ್ಗಕ್ಕೆ ಭಾರ ಕೊಡಬಾರದು. ಎರಡನೆಯದು ಉಜ್ಜಾಟದ ಕಾವು. ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೆ ಇದು ಕರಗುತ್ತದೆ. ಹಗ್ಗ ಸುತ್ತಿ ಎಳೆಯುವ ಯಂತ್ರದ, ಅಂದರೆ ವಿಂಚ್‌ನ ಡ್ರಮ್ಮಿನ ಮೇಲೆ ಭಾರ ಇದ್ದಾಗಲೇ ಜಾರಿಸಿದರೆ ಮೈ ಕರಗಿ ಡ್ರಮ್ಮಿಗೆ ಅಂಟಿ, ಆಮೇಲೆ ಒಮ್ಮೆಲೇ ಕಿತ್ತುಕೊಳ್ಳುತ್ತದೆ. ನೈಲಾನ್ ಇದಕ್ಕಿಂತ ಗಟ್ಟಿ, ಆದರೆ ಮುಳುಗುತ್ತದೆ. ನೆಂದರೆ ಶಕ್ತಿ ಹತ್ತು, ಹದಿನೈದು ಪರ್ಸೆಂಟ್ ಇಳಿಯುತ್ತದೆ.

ಲೆಕ್ಕ ಇಷ್ಟು. 32 ಮಿಲಿಮೀಟರ್ ದಪ್ಪದ, ಮೂರು ಹುರಿಯ ಹೊಸ ಪಾಲಿಪ್ರೊಪಿಲೀನ್ ಹಗ್ಗ ಸುಮಾರು 12ರಿಂದ 13 ಟನ್ ಎಳೆತಕ್ಕೆ ಹರಿಯುತ್ತದೆ. ಅದರಲ್ಲಿ ಒಂದು ಗಂಟು ಹಾಕಿದಿರೋ, ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಹುರಿ ಬಿಚ್ಚಿ ಹೆಣೆದು ಸೇರಿಸಿದರೆ ಹತ್ತರಲ್ಲಿ ಒಂಬತ್ತು ಪಾಲು ಉಳಿಯುತ್ತದೆ. ಅದಕ್ಕೇ ಬಾರ್ಜ್ ಹಗ್ಗದ ತುದಿಯ ಕುಣಿಕೆಯನ್ನು ಗಂಟು ಹಾಕಿ ಮಾಡುವುದಿಲ್ಲ, ಹೆಣೆದು ಮಾಡುತ್ತಾರೆ. ನಾರಿನ ಹಗ್ಗಕ್ಕೆ ಮೂರು ಸುತ್ತಿನ ಹೆಣಿಗೆ ಸಾಕು. ನೈಲಾನ್‌ನಂಥ ಜಾರುವ ಹಗ್ಗಕ್ಕೆ ಐದು ಸುತ್ತು ಹಾಕುವುದು ರೂಢಿ. ತಿಪಟೂರಿನವರಿಗೆ ಹುರಿ ಹೊಸೆಯುವ ಕೈ ಇರುವುದರಿಂದ ಇದು ಬೇಗ ಬರುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಹಗ್ಗ ಹರಿಯುವ ವಿಚಾರ. ಇದನ್ನು ತಾಳ್ಮೆಯಿಂದ ಓದಿ. ಭಾರಕ್ಕೆ ಹಿಗ್ಗಿದ ಹಗ್ಗ ಹರಿದರೆ ಕೆಳಗೆ ಬೀಳುವುದಿಲ್ಲ. ಎರಡೂ ತುಂಡು ತಾವು ಕಟ್ಟಿದ ಕಂಬದ ಕಡೆಗೆ ಹಿಂದಕ್ಕೆ ಬೀಸುತ್ತವೆ. ಎಷ್ಟು ಹೆಚ್ಚು ಹಿಗ್ಗುವ ಹಗ್ಗವೋ ಅಷ್ಟು ಜೋರಿನ ಏಟು. ಆ ದೃಷ್ಟಿಯಲ್ಲಿ ನೈಲಾನ್ ಎಲ್ಲಕ್ಕಿಂತ ಅಪಾಯ. ಕಾಲು ಮುರಿಯುವುದು, ಎದೆಗೆ ಬಡಿಯುವುದು, ಜೀವ ಹೋಗುವುದು, ಎಲ್ಲಾ ಆಗಿದೆ. ‘ಹಗ್ಗದ ನೇರಕ್ಕೆ ನಿಲ್ಲಬೇಡ’ ಎಂದು ಹಳಬರು ಹೇಳಿಕೊಡುತ್ತಾರೆ. ಅಷ್ಟೇ ನಂಬಿಕೊಂಡರೆ ಸಾಲದು. ಹಗ್ಗ ಒಂದು ರೋಲರ್ ಅಥವಾ ಕಂಬವನ್ನು ಬಳಸಿ ತಿರುಗಿ ಬಂದಿದ್ದರೆ ಹರಿದ ತುದಿ ಆ ಮೂಲೆಯಿಂದ ಬೀಸಣಿಗೆಯ ಹಾಗೆ ಅಗಲವಾಗಿ ಬೀಸುತ್ತದೆ. ಭಾರ ಹೊತ್ತ ಹಗ್ಗ ಡೆಕ್ಕಿನ ಮೇಲೆ ಇರುವಷ್ಟು ಹೊತ್ತು ಆ ಭಾಗವನ್ನೆಲ್ಲಾ ಅಪಾಯದ ಜಾಗ ಎಂದೇ ಲೆಕ್ಕ ಹಾಕಿ, ಕೆಲಸ ಇಲ್ಲದವರು ಆಚೆ ಹೋಗಬೇಕು. ಹರಿಯುವ ಮುಂಚೆ ಕೆಲವು ಸಲ ಹಗ್ಗ ಕಿರುಗುಡುತ್ತದೆ, ಸಣಕಲಾಗುತ್ತದೆ, ಒದ್ದೆ ಹಗ್ಗವಾದರೆ ಮೈಯಿಂದ ನೀರು ಹಿಂಡಿ ಬರುತ್ತದೆ. ಯಾವ ಸೂಚನೆಯೂ ಇಲ್ಲದೆ ಹರಿಯುವುದೂ ಉಂಟು.

ಇದರ ಜೊತೆಗೆ ಡೆಕ್ಕಿನ ಮೇಲೆ ಸುರುಳಿಯಾಗಿ ಬಿದ್ದ ಹಗ್ಗದೊಳಗೆ ಕಾಲಿಡಬಾರದು. ಆಚೆ ತುದಿ ಓಡಲು ಶುರುವಾದರೆ ಕುಣಿಕೆ ಬಿಗಿದು ಕಾಲನ್ನು ಕಂಬದವರೆಗೆ ಎಳೆದೊಯ್ಯುತ್ತದೆ.

ಪ್ರಶ್ನೆ: ವಸಂತನರಸಾಪುರದಲ್ಲಿ ಕ್ರೇನ್ ಜೊತೆ ರಿಗ್ಗರ್ ಆಗಿದ್ದೇನೆ. ಸಿಗ್ನಲ್, ಸ್ಲಿಂಗ್ ಎಲ್ಲಾ ಗೊತ್ತು. ಬಾರ್ಜನ್ನು ಜೆಟ್ಟಿಗೆ ಕಟ್ಟುವ ಕ್ರಮ ಹೇಳುತ್ತೀರಾ? (ತುಮಕೂರು)

ನಿಮಗೆ ಅರ್ಧ ಕೆಲಸ ಬಂದಂತೆಯೇ. ನೀವು ಕ್ರೇನಿಗೆ ಕೂಗುವ ‘ಹಬೀಸ್’, ‘ಆರಿಯಾ’ ಎರಡೂ ಹಡಗಿನ ಖಲಾಸಿಗಳ ಮಾತು. ಎಳೆಯುವುದಕ್ಕೆ, ಸಡಿಲಿಸುವುದಕ್ಕೆ ಡೆಕ್ಕಿನ ಮೇಲೂ ಅವೇ ಕೇಳುತ್ತವೆ.

ಹೊಳೆಯಲ್ಲಿ ಬಾರ್ಜನ್ನು ಹರಿವಿಗೆ ಎದುರಾಗಿ ಮೂತಿ ಮಾಡಿ ಜೆಟ್ಟಿಗೆ ತರುತ್ತಾರೆ. ಎದುರು ನೀರಿನಲ್ಲಿ ನಿಧಾನ ಮಾಡಿದರೂ ಚುಕ್ಕಾಣಿ ಮಾತು ಕೇಳುತ್ತದೆ. ಬರುವ ಮುಂಚೆಯೇ ಹಗ್ಗಗಳನ್ನು ಸಿಕ್ಕಿಲ್ಲದೆ ಹಾಸಿ, ಫೆಂಡರ್ ಇಳಿಬಿಟ್ಟು, ಎಸೆಯುವ ಹಗ್ಗ ಕೈಯಲ್ಲಿಟ್ಟುಕೊಂಡಿರಬೇಕು. ಈ ಎಸೆಯುವ ಹಗ್ಗ ಬೆರಳುದಪ್ಪದ್ದು, 25ರಿಂದ 30 ಮೀಟರ್ ಉದ್ದ, ತುದಿಯಲ್ಲಿ ಹಗ್ಗದ್ದೇ ಉಂಡೆ ಗಂಟು. ಉಂಡೆಯೊಳಗೆ ಕಬ್ಬಿಣದ ನಟ್ಟು, ಬೋಲ್ಟು ತುಂಬುವ ಕೆಟ್ಟ ಚಾಳಿ ಕೆಲವರಿಗಿದೆ. ದೂರ ಹೋಗುತ್ತದೆ ನಿಜ, ದಡದಲ್ಲಿ ನಿಂತವರ ತಲೆ ಒಡೆಯುವುದೂ ನಿಜ. ಸುರುಳಿಯನ್ನು ಎರಡು ಪಾಲು ಮಾಡಿ, ಒಂದು ಪಾಲು ಬೀಸುವ ಕೈಯಲ್ಲಿ, ಇನ್ನೊಂದು ಪಾಲು ಬಿಚ್ಚಿದ ಅಂಗೈ ಮೇಲೆ ಸಡಿಲವಾಗಿರಲಿ. ಮೊದಲು ಕೂಗಿ, ಆಮೇಲೆ ಎಸೆಯಿರಿ. ಆಳಿನ ಮೇಲಲ್ಲ, ಅವರ ಪಕ್ಕಕ್ಕೆ, ತುಸು ದಾಟಿ ಬೀಳುವ ಹಾಗೆ.

ಮೊದಲು ಬಿಗಿಯುವುದು ಮೂತಿಯಿಂದ ಮುಂದಕ್ಕೆ ಹೋಗುವ ಹಗ್ಗ. ಹರಿವು ಬಾರ್ಜನ್ನು ಹಿಂದಕ್ಕೆ ತಳ್ಳುವುದನ್ನು ತಡೆಯುವುದು ಅದೇ. ಆಮೇಲೆ ಹಿಂಭಾಗದ ಹಗ್ಗ, ನಂತರ ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಓರೆಯಾಗಿ ಹೋಗುವ ಸ್ಪ್ರಿಂಗ್ ಹಗ್ಗಗಳು. ಬಿಚ್ಚುವಾಗ ಹರಿವು ತಡೆದು ಹಿಡಿದ ಹಗ್ಗ ಕೊನೆಗೆ. ಜೆಟ್ಟಿಯ ಬೊಲಾರ್ಡ್, ಅಂದರೆ ಹಗ್ಗ ಕಟ್ಟುವ ಕಂಬದಲ್ಲಿ ಆಗಲೇ ಬೇರೆ ಬಾರ್ಜ್‌ನ ಕುಣಿಕೆ ಇದ್ದರೆ ನಿಮ್ಮ ಕುಣಿಕೆಯನ್ನು ಅದರ ಮೇಲೆ ಸುಮ್ಮನೆ ಹಾಕಬೇಡಿ. ಅವರ ಕುಣಿಕೆಯ ಒಳಗಿನಿಂದ ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಕಂಬಕ್ಕೆ ಹಾಕಿ. ಆಗ ಯಾರು ಮೊದಲು ಹೊರಟರೂ ಇನ್ನೊಬ್ಬರದ್ದನ್ನು ಬಿಚ್ಚದೆ ಹೋಗಬಹುದು. ಇಷ್ಟು ಮಾಡದ್ದಕ್ಕೆ ಜೆಟ್ಟಿಯಲ್ಲಿ ಆಗುವ ಜಗಳಕ್ಕೆ ಲೆಕ್ಕವಿಲ್ಲ.

ಡೆಕ್ಕಿನ ಜೋಡಿಕಂಬಕ್ಕೆ ಹಗ್ಗ ಸುತ್ತುವಾಗ ಸಿಂಥೆಟಿಕ್ ಹಗ್ಗವನ್ನು ಮೊದಲ ಕಂಬಕ್ಕೇ ಎರಡು ಪೂರ್ತಿ ಸುತ್ತು ಸುತ್ತಿ, ಆಮೇಲೆ ಎರಡೂ ಕಂಬಕ್ಕೆ ಎಂಟರ ಆಕಾರದಲ್ಲಿ ಮೂರು ನಾಲ್ಕು ಸುತ್ತು ಹಾಕಿ. ಮೊದಲ ಎರಡು ಸುತ್ತು ಇದ್ದರೆ ಸಡಿಲಿಸುವಾಗ ಹಗ್ಗ ನಿಮ್ಮ ಹಿಡಿತದಲ್ಲಿರುತ್ತದೆ; ಬರೀ ಎಂಟರ ಸುತ್ತಾದರೆ ಒಮ್ಮೆಲೇ ಕೈ ಮೀರುತ್ತದೆ. ಕೈ ಯಾವಾಗಲೂ ಕಂಬದಿಂದ ಅಥವಾ ಡ್ರಮ್ಮಿನಿಂದ ಒಂದು ಮೀಟರ್ ದೂರ ಇರಲಿ. ಹಗ್ಗ ತಟಕ್ಕನೆ ಒಳಗೆ ಸೇದಿಕೊಂಡಾಗ ಬೆರಳು ಬಿಡಿಸಿಕೊಳ್ಳಲು ಅಷ್ಟು ಜಾಗ ಬೇಕು. ಉಂಗುರ, ಕೈಗಡ ತೆಗೆದಿಟ್ಟು ಬನ್ನಿ.

ಕ್ರೇನ್ ಯಾರ್ಡಿನವರಿಗೆ ಹೊಸದು ಎಂದರೆ ಹರಿವಿನ ಬಲ. ನೀರಿನ ವೇಗ ಎರಡರಷ್ಟಾದರೆ ಹಗ್ಗದ ಮೇಲಿನ ಎಳೆತ ನಾಲ್ಕರಷ್ಟಾಗುತ್ತದೆ. ಸಂಜೆ ಕಟ್ಟಿದ ಹಗ್ಗ ಮಧ್ಯರಾತ್ರಿ ಮೇಲಿನ ಮಳೆಯ ನೀರು ಬಂದಾಗ ಸಾಕಾಗದೇ ಹೋಗುವುದು ಹೀಗೆಯೇ. ಬಾರ್ಜ್ ಮತ್ತು ಜೆಟ್ಟಿಯ ನಡುವೆ ಕಾಲು ಕೊಟ್ಟು ತಳ್ಳುವುದು, ದಡಕ್ಕೆ ಜಿಗಿಯುವುದು, ಎರಡನ್ನೂ ಮಾಡಲೇಬೇಡಿ. ತುಂಬಿದ ಬಾರ್ಜ್ 2000 ಟನ್ ಇರಬಹುದು. ಆಮೆಯಷ್ಟು ನಿಧಾನವಾಗಿ ಬರುತ್ತಿದ್ದರೂ ಅದಕ್ಕೆ ನಿಮ್ಮ ಕಾಲು ಲೆಕ್ಕಕ್ಕಿಲ್ಲ.

ಪ್ರಶ್ನೆ: ಬಾರ್ಜ್ ತಳದ ಟ್ಯಾಂಕಿಗೆ ಇಳಿದು ತುಕ್ಕು ಕೆರೆಯುವ ಕೆಲಸಕ್ಕೆ ಹುಡುಗರನ್ನು ಕರೆಯುತ್ತಿದ್ದಾರೆ. ‘ಖಾಲಿ ಟ್ಯಾಂಕು, ಏನೂ ಇಲ್ಲ’ ಎನ್ನುತ್ತಾರೆ. ಹೋಗಬಹುದೇ? (ಬಂಗಾರಪೇಟೆ)

‘ಏನೂ ಇಲ್ಲ’ ಎನ್ನುವುದೇ ಅಲ್ಲಿನ ತೊಂದರೆ, ಉಸಿರಾಡಲು ಗಾಳಿಯೂ ಇರುವುದಿಲ್ಲ. ಕಬ್ಬಿಣ ತುಕ್ಕು ಹಿಡಿಯುವುದು ಎಂದರೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಳ್ಳುವುದು. ಮುಚ್ಚಳ ಬಿಗಿದ ಟ್ಯಾಂಕು ತಿಂಗಳುಗಟ್ಟಲೆ ಹಾಗೇ ಇದ್ದರೆ ಒಳಗಿನ ಆಮ್ಲಜನಕವೆಲ್ಲಾ ತುಕ್ಕಾಗಿ ಗೋಡೆಗೆ ಸೇರಿರುತ್ತದೆ. ವಾಸನೆ ಇಲ್ಲ, ಉರಿ ಇಲ್ಲ. ಏಣಿ ಇಳಿದವರು ಎರಡು ಉಸಿರಿಗೆ ಕುಸಿಯುತ್ತಾರೆ. ಮೇಲಿದ್ದವರು ‘ಅಯ್ಯೋ’ ಎಂದು ಇಳಿಯುತ್ತಾರೆ, ಅವರೂ ಅಲ್ಲೇ. ನಮ್ಮ ಕಡೆ ಹಾಳುಬಾವಿ, ಸಂಪು, ಪಿಟ್ ಶುಚಿ ಮಾಡಲು ಹೋಗಿ ಒಬ್ಬರ ಹಿಂದೆ ಒಬ್ಬರು ಸಾಯುವ ಸುದ್ದಿ ಓದುತ್ತೀರಲ್ಲ, ಅದೇ ಇದು. ಕಲ್ಲಿದ್ದಲು, ಮರದ ಚೂರು ತುಂಬಿದ ಹೋಲ್ಡಿನ ಪಕ್ಕದ ಮುಚ್ಚಿದ ಜಾಗಗಳಲ್ಲೂ ಹೀಗಾಗುತ್ತದೆ. ಕಲ್ಲಿದ್ದಲಾದರೆ ಕಾರ್ಬನ್ ಮಾನಾಕ್ಸೈಡ್ ಬೇರೆ.

ಇಳಿಯುವ ಮುಂಚೆ ಎರಡು ಮುಚ್ಚಳ ತೆಗೆದು, ಒಂದರಿಂದ ಬ್ಲೋವರ್ ಹಚ್ಚಿ ಗಾಳಿ ತುಂಬಿ ಇನ್ನೊಂದರಿಂದ ಹೊರಬಿಡಬೇಕು. ಬ್ಲೋವರ್ ಪೈಪು ತಳದ ತನಕ ಹೋಗಿರಬೇಕು, ಬಾಯಲ್ಲಿ ನಿಂತರೆ ಮೇಲಿನ ಗಾಳಿಯೇ ಸುತ್ತಾಡುತ್ತದೆ. ಆಮೇಲೆ ಮೀಟರ್ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 20.9. ಒಳಗೆ ಅದಕ್ಕಿಂತ ಕಡಿಮೆ ತೋರಿಸಿದರೆ ಇನ್ನೂ ಗಾಳಿ ಹಾಕಿ, 19.5ರ ಕೆಳಗೆ ಎಂದರೆ ಇಳಿಯುವ ಮಾತೇ ಇಲ್ಲ. ಕೊಳೆತ ನೀರು ಇದ್ದರೆ ಹೈಡ್ರೋಜನ್ ಸಲ್ಫೈಡ್ ಇರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ನಿಲ್ಲುತ್ತದೆ. ವಾಸನೆ ಹೋಯಿತೆಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಮೇಣದಬತ್ತಿ, ದೀಪ ಇಳಿಬಿಟ್ಟು ನೋಡುವ ಹಳೇ ಉಪಾಯವನ್ನು ಇಲ್ಲಿ ಮರೆತುಬಿಡಿ. ಉರಿಯುವ ಅನಿಲ ಇದ್ದರೆ ಟ್ಯಾಂಕೇ ಸಿಡಿಯುತ್ತದೆ.

ಒಳಗೆ ಕೆಲಸ ನಡೆಯುವಷ್ಟು ಹೊತ್ತೂ ಬಾಯಲ್ಲಿ ಒಬ್ಬರು ನಿಂತಿರಬೇಕು, ಅವರಿಗೆ ಬೇರೆ ಕೆಲಸ ಹೇಳಬಾರದು. ಇಳಿದವರ ಮೈಗೆ ಹೆಗಲು, ತೊಡೆ ಬಳಸಿ ಬರುವ ಹಾರ್ನೆಸ್ ಮತ್ತು ಹಗ್ಗ ಇರಬೇಕು. ಬ್ಲೋವರ್ ನಿಲ್ಲಿಸುವಂತಿಲ್ಲ. ಊಟಕ್ಕೆ ಮೇಲೆ ಬಂದು ಮತ್ತೆ ಇಳಿಯುವುದಾದರೆ ಮತ್ತೆ ಅಳೆಯಬೇಕು. ಯಾರಾದರೂ ಬಿದ್ದರೆ ಸಿಲಿಂಡರಿನ ಉಸಿರಾಟದ ಸೆಟ್ ಹಾಕಿಕೊಳ್ಳದೆ ಹಿಂದೆ ಇಳಿಯುವಂತಿಲ್ಲ. ಬಟ್ಟೆಯ ಮಾಸ್ಕ್, ಫಿಲ್ಟರ್ ಮಾಸ್ಕ್ ಇಲ್ಲಿ ಉಪಯೋಗವಿಲ್ಲ, ಅವು ಧೂಳು ಸೋಸುತ್ತವೆಯೇ ಹೊರತು ಇಲ್ಲದ ಆಮ್ಲಜನಕವನ್ನು ತರುವುದಿಲ್ಲ. ಮೀಟರ್ ಎಲ್ಲಿ ಎಂದು ಕೇಳಿದಾಗ ಮಾಲೀಕರ ಕಡೆಯವರು ನಕ್ಕರೆ ಬ್ಯಾಗು ಎತ್ತಿಕೊಂಡು ವಾಪಸ್ ಬನ್ನಿ.

ಪ್ರಶ್ನೆ: ಲಾರಿಗೆ ವೇಬ್ರಿಡ್ಜ್ ಇದೆ. ಬಾರ್ಜ್‌ಗೆ ತುಂಬಿದ ಸಾವಿರಾರು ಟನ್ ಹೇಗೆ ತೂಗುತ್ತಾರೆ? (ಚಿಂತಾಮಣಿ)

ನೀರೇ ತಕ್ಕಡಿ. ಬಾರ್ಜ್‌ನ ಮೂತಿ, ನಡು, ಹಿಂಭಾಗದಲ್ಲಿ ಎರಡೂ ಮಗ್ಗುಲಿಗೆ ಅಂಕಿ ಬರೆದಿರುತ್ತಾರೆ. ಒಂದೊಂದು ಅಂಕಿ 10 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರಿಗೊಂದು. ಅಂಕಿಯ ಬುಡವೇ ಅದರ ಅಳತೆ. 2.4 ಎಂಬ ಅಂಕಿಯ ಬುಡಕ್ಕೆ ನೀರು ಮುಟ್ಟಿದ್ದರೆ ಬಾರ್ಜ್ 2.40 ಮೀಟರ್ ಮುಳುಗಿದೆ, ತಲೆಗೆ ಮುಟ್ಟಿದ್ದರೆ 2.50. ಆರೂ ಕಡೆ ಓದಿ, ಸರಾಸರಿ ತೆಗೆದು, ಬಾರ್ಜ್‌ನ ಪಟ್ಟಿಯಲ್ಲಿ ನೋಡಿದರೆ ತೂಕ ಸಿಗುತ್ತದೆ.

ಪಟ್ಟಿ ಇಲ್ಲದೆಯೂ ಅಂದಾಜು ಮಾಡಬಹುದು. 60 ಮೀಟರ್ ಉದ್ದ, 12 ಮೀಟರ್ ಅಗಲದ ಪೆಟ್ಟಿಗೆಯಾಕಾರದ ಬಾರ್ಜ್ ಒಂದು ಸೆಂಟಿಮೀಟರ್ ಮುಳುಗಿದರೆ 7.2 ಘನ ಮೀಟರ್ ನೀರು ಪಕ್ಕಕ್ಕೆ ಸರಿದಂತೆ. ಸಿಹಿನೀರಿನಲ್ಲಿ ಅದು 7.2 ಟನ್. ಮೂತಿ ಓರೆ ಇರುವುದರಿಂದ ನಿಜವಾದದ್ದು ತುಸು ಕಡಿಮೆ. ಅಲೆಯಲ್ಲಿ ನೀರು ಏರಿಳಿಯುವಾಗ 5 ಸೆಂಟಿಮೀಟರ್ ತಪ್ಪು ಓದಿದಿರೋ, 36 ಟನ್ ತಪ್ಪಿತು, ಎರಡು ಲಾರಿ ಲೋಡು. ಅದಕ್ಕೇ ಕೆಳಗಿನ ಮಟ್ಟ, ಮೇಲಿನ ಮಟ್ಟ ಎರಡನ್ನೂ ಹಲವು ಸಲ ನೋಡಿ ನಡುವಿನದ್ದು ಹಿಡಿಯುವುದು.

ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ನದಿಮುಖದಲ್ಲಿ ಉಪ್ಪುನೀರಿನಲ್ಲಿ 3 ಮೀಟರ್ ಮುಳುಗಿದ್ದ ಬಾರ್ಜ್ ಮೇಲಕ್ಕೆ ಸಿಹಿನೀರಿಗೆ ಬಂದಾಗ ಒಂದು ಕೆ.ಜಿ. ಸರಕೂ ಸೇರದೆ ಏಳೂವರೆ ಸೆಂಟಿಮೀಟರ್ ಹೆಚ್ಚು ಮುಳುಗುತ್ತದೆ. ತಳಕ್ಕೂ ಮರಳಿಗೂ ನಡುವೆ ಒಂದು ಗೇಣು ನೀರು ಇರುವಲ್ಲಿ ಇದು ದೊಡ್ಡ ಮಾತು.

ಪ್ರಶ್ನೆ: ಒದ್ದೆ ಅದಿರು ತುಂಬಿದರೆ ಬಾರ್ಜ್ ಮಗುಚುತ್ತದೆ ಎಂದು ಕೇಳಿದ್ದೇನೆ. ಕಲ್ಲಿನಂಥ ವಸ್ತು ಹೇಗೆ ಮಗುಚಿಸುತ್ತದೆ? (ಗೌರಿಬಿದನೂರು)

ಅದಿರಿನ ಗಟ್ಟಿಯಿಂದ ಈ ಭಯವಿಲ್ಲ, ಪುಡಿಯಿಂದ ಇದೆ. ನುಣ್ಣನೆಯ ಪುಡಿಯಲ್ಲಿ ತೇವ ಒಂದು ಮಿತಿ ದಾಟಿದ್ದರೆ ಎಂಜಿನ್ ನಡುಕಕ್ಕೆ, ಅಲೆಯ ಕುಲುಕಿಗೆ ಕಣಗಳ ನಡುವಿನ ನೀರು ಒತ್ತಡಕ್ಕೆ ಸಿಕ್ಕಿ ರಾಶಿಯೇ ಕೆಸರಾಗಿ ಹರಿಯುತ್ತದೆ. ಒಂದು ಮಗ್ಗುಲಿಗೆ ಹರಿದದ್ದು ಪೂರ್ತಿ ವಾಪಸ್ ಬರುವುದಿಲ್ಲ. 2009ರಲ್ಲಿ ನಮ್ಮ ದೇಶದ ಅದಿರು ಪುಡಿ ತುಂಬಿಕೊಂಡು ಹೊರಟ ಎರಡು ಸಮುದ್ರದ ಹಡಗುಗಳು, ಮಂಗಳೂರು ಕಡೆ ‘ಏಷ್ಯನ್ ಫಾರೆಸ್ಟ್’, ಪಾರಾದೀಪ್ ಬಳಿ ‘ಬ್ಲ್ಯಾಕ್ ರೋಸ್’, ಮುಳುಗಿದವು.

ಡೆಕ್ಕಿನ ಮೇಲೆ ಮಾಡಿ ನೋಡುವ ಪರೀಕ್ಷೆ ಸುಲಭ. ಅರ್ಧದಿಂದ ಒಂದು ಲೀಟರ್ ಹಿಡಿಯುವ ಡಬ್ಬಿಯಲ್ಲಿ ಅರ್ಧಕ್ಕೆ ಪುಡಿ ತುಂಬಿ. ಗಟ್ಟಿ ಮೇಜಿನ ಮೇಲೆ 20 ಸೆಂಟಿಮೀಟರ್ ಎತ್ತರದಿಂದ ಕುಕ್ಕಿ. ಒಂದೆರಡು ಸೆಕೆಂಡಿಗೊಮ್ಮೆ, ಒಟ್ಟು 25 ಸಲ. ಮೇಲ್ಮೈಯಲ್ಲಿ ನೀರು ಮಿನುಗಿದರೆ ಅಥವಾ ಪುಡಿ ತೆಳ್ಳಗಾಗಿ ತೇಲಾಡಿದರೆ ಮಾಸ್ಟರ್‌ಗೆ ಹೇಳಿ, ಲ್ಯಾಬ್ ಪರೀಕ್ಷೆ ಆಗದೆ ಲೋಡ್ ಮುಂದುವರಿಯಬಾರದು. ನೀರು ಕಾಣಲಿಲ್ಲವೆಂದರೆ ಸರಕು ಕ್ಷೇಮ ಎಂದರ್ಥವಲ್ಲ, ಅದನ್ನು ಹೇಳುವುದು ಲ್ಯಾಬೇ. ಮಳೆಗಾಲದಲ್ಲಿ ಗೋವಾದ ಮಾಂಡವಿ ನದಿಮುಖದಲ್ಲಿರುವ ಅಗ್ವಾದ ಮರಳುದಿಬ್ಬ ದಾಟಲಾಗದೆ ಬಾರ್ಜ್‌ಗಳು ಕುಂಬಾರ್ಜುವಾ ಕಾಲುವೆಯಲ್ಲಿ ಮಾಂಡವಿಯಿಂದ ಜುವಾರಿಗೆ ಬಳಸಿ ಹೋಗುತ್ತವೆ. ಆಗ ಟಾರ್ಪಾಲಿನ ಮೇಲೆ ನಿಂತ ನೀರನ್ನು ಹೋಲ್ಡಿನ ಒಳಗೆ ಜಾರಿಸದೆ ಹೊರಕ್ಕೆ ಚೆಲ್ಲುವುದು ಖಲಾಸಿಯ ಕೆಲಸ.

ಪ್ರಶ್ನೆ: ನನ್ನ ಮಗ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕೆರೆಯಲ್ಲಿ ಚೆನ್ನಾಗಿ ಈಜುತ್ತಾನೆ. ಅಷ್ಟು ಸಾಕೇ? (ಕೋಲಾರ)

ಅಮ್ಮಾ, ಈಜು ಬರುವುದು ಒಳ್ಳೆಯದೇ. ಆದರೆ ಬಾರ್ಜ್‌ನಿಂದ ಬಿದ್ದವರನ್ನು ಉಳಿಸುವುದು ಮೊದಲು ಲೈಫ್ ಜಾಕೆಟ್, ಆಮೇಲೆ ಈಜು. ಕೆರೆಯ ನೀರು ನಿಂತ ನೀರು. ಹೊಳೆಯ ನೀರು ಬಿದ್ದವರನ್ನು ಬಾರ್ಜ್‌ನ ಓರೆ ಮೂತಿಯ ಅಡಿಗೆ ಎಳೆದುಕೊಳ್ಳುತ್ತದೆ, ಅಲ್ಲಿ ಎಂಥಾ ಈಜುಗಾರರೂ ಅಸಹಾಯಕರೇ. ಮುಂಭಾಗದಲ್ಲಿ, ಅಂಚಿನಲ್ಲಿ, ಹಗ್ಗದ ಕೆಲಸದಲ್ಲಿ, ರಾತ್ರಿ ಹೊರಗೆ ಬಂದಾಗ ಜಾಕೆಟ್ ಬಕಲ್ ಹಾಕಿಯೇ ಇರಬೇಕು. ಹೆಗಲಿಗೆ ನೇತುಹಾಕಿಕೊಂಡದ್ದು ನೀರಿಗೆ ಬಿದ್ದ ಕೂಡಲೇ ಕಳಚಿಹೋಗುತ್ತದೆ. ರಾತ್ರಿ ಮೂತ್ರಕ್ಕೆಂದು ಒಬ್ಬರೇ ಅಂಚಿಗೆ ಹೋಗಿ ಬೀಳುವುದು ಇಲ್ಲಿ ನಡೆಯುವ ಅಪಘಾತವೇ. ಅದನ್ನು ಅವನಿಗೆ ಬಿಡಿಸಿ ಹೇಳಿ, ನಾಚಿಕೆ ಬೇಡ.

ಯಾರಾದರೂ ಬಿದ್ದದ್ದು ಕಂಡರೆ ಯಾವ ಮಗ್ಗುಲಿಗೆ ಬಿದ್ದರೆಂದು ಕೂಗಬೇಕು, ಲೈಫ್‌ಬಾಯ್, ಅಂದರೆ ತೇಲುವ ಬಳೆ, ಎಸೆಯಬೇಕು, ಒಬ್ಬರು ಕೈ ಚಾಚಿ ಆ ವ್ಯಕ್ತಿಯ ಕಡೆಗೇ ತೋರಿಸುತ್ತಾ ಕಣ್ಣು ಕೀಳದೆ ನಿಲ್ಲಬೇಕು. ಕೆಂಪುನೀರಿನಲ್ಲಿ ತಲೆ ಒಮ್ಮೆ ತಪ್ಪಿತೆಂದರೆ ಮತ್ತೆ ಸಿಗುವುದು ಕಷ್ಟ. ಮಾಸ್ಟರ್ ಎಂಜಿನ್ ನ್ಯೂಟ್ರಲ್ ಮಾಡಿ ಬಿದ್ದ ಮಗ್ಗುಲಿಗೇ ಚುಕ್ಕಾಣಿ ತಿರುಗಿಸುತ್ತಾರೆ, ಆಗ ಹಿಂಭಾಗದ ಪ್ರೊಪೆಲ್ಲರ್ ಅವರಿಂದ ದೂರ ಸರಿಯುತ್ತದೆ. ಹಿಂದೆಯೇ ಧುಮುಕುವುದು ಬೇಡ, ಹುಡುಕಬೇಕಾದ ತಲೆಗಳು ಎರಡಾಗುತ್ತವೆ.

ಪ್ರಶ್ನೆ: ಬಾರ್ಜ್ ಮರಳಿಗೆ ಹತ್ತಿಕೊಂಡರೆ ಡೆಕ್‌ಹ್ಯಾಂಡ್ ಏನು ಮಾಡಬೇಕು? ಹತ್ತದಂತೆ ತಡೆಯುವುದು ಹೇಗೆ? (ಶಿರಾ)

ತಡೆಯುವ ಸಾಧನ ಬಿದಿರಿನ ಗಳ. ಒಂದೊಂದು ಅಳತೆಗೆ ಬಣ್ಣ ಬದಲಿಸಿ ಪಟ್ಟಿ ಬಳಿದಿರುತ್ತಾರೆ. ಮೂತಿಯಲ್ಲಿ ನಿಂತು ಗಳವನ್ನು ಮುಂದಕ್ಕೆ ಓರೆಯಾಗಿ ಇಳಿಸಿ, ಬಾರ್ಜ್ ಮುಂದೆ ಸಾಗಿ ಗಳ ನೆಟ್ಟಗೆ ನಿಂತ ಕ್ಷಣಕ್ಕೆ ಓದಿ ಕೂಗಬೇಕು. ಓರೆ ಗಳ ಆಳವನ್ನು ಹೆಚ್ಚಾಗಿ ತೋರಿಸುತ್ತದೆ, ಮೋಸ ಹೋಗುವುದು ಅಲ್ಲೇ. ಗಳ ಮರಳಿಗೆ ಸಿಕ್ಕಿಕೊಂಡರೆ ಬಿಟ್ಟುಬಿಡಿ, ಹಿಡಿದು ನೇತಾಡಬೇಡಿ. ವೀಲ್‌ಹೌಸಿನಲ್ಲಿ ಶಬ್ದದಿಂದ ಆಳ ಅಳೆಯುವ ಎಕೋ ಸೌಂಡರ್ ಇದ್ದರೂ ಅದು ತನ್ನ ಅಡಿಯ ನೀರು ಹೇಳುತ್ತದೆ, ಮುಂದಿನದ್ದಲ್ಲ.

ವೇಗವೂ ತಳ ತಾಗಿಸುತ್ತದೆ. ಆಳವಿಲ್ಲದ ನೀರಿನಲ್ಲಿ ಓಡುವ ಬಾರ್ಜ್ ನಿಂತದ್ದಕ್ಕಿಂತ ಹೆಚ್ಚು ಕೂರುತ್ತದೆ, ಅದೂ ವೇಗದ ವರ್ಗಕ್ಕೆ ತಕ್ಕ ಹಾಗೆ. ಪೆಟ್ಟಿಗೆಯಾಕಾರದ ಬಾರ್ಜ್ 6 ನಾಟ್ (ಗಂಟೆಗೆ ಸುಮಾರು 11 ಕಿಲೋಮೀಟರ್) ವೇಗದಲ್ಲಿ ಸುಮಾರು 30 ಸೆಂಟಿಮೀಟರ್, ಇಕ್ಕಟ್ಟಾದ ಕಾಲುವೆಯಲ್ಲಿ ಅದರ ಎರಡರಷ್ಟು ಕೂರಬಹುದು. 4 ನಾಟ್‌ಗೆ ಇಳಿಸಿದರೆ ಈ ಲೆಕ್ಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಬೇಸಿಗೆಯ ಗಂಗೆಯಲ್ಲಿ ಇದು ಪುಸ್ತಕದ ಲೆಕ್ಕವಲ್ಲ: ಹಲ್ದಿಯಾದಿಂದ ವಾರಾಣಸಿವರೆಗೆ ಬೇರೆ ಬೇರೆ ಭಾಗದಲ್ಲಿ 2.2ರಿಂದ 3 ಮೀಟರ್ ಆಳ ಉಳಿಸಿಕೊಳ್ಳುವುದೇ ಜಲಮಾರ್ಗ ಯೋಜನೆಯ ಗುರಿ. ಬಿದಿರಿನ ತಟ್ಟಿಗಳನ್ನು ಹರಿವಿಗೆ ಓರೆಯಾಗಿ ನೆಟ್ಟು ನೀರನ್ನು ನಡುವಿನ ದಾರಿಗೆ ತಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಆ ತಟ್ಟಿಗಳು ಕಂಡಲ್ಲಿ ದಾರಿ ಇಕ್ಕಟ್ಟು ಎಂದು ತಿಳಿಯಿರಿ.

ಹತ್ತಿಕೊಂಡೇ ಬಿಟ್ಟರೆ ಜೋರಾಗಿ ರಿವರ್ಸ್ ಹಾಕಿಸುವ ಅವಸರ ಬೇಡ. ಪ್ರೊಪೆಲ್ಲರ್ ಕದಡಿದ ಮರಳು ಎಂಜಿನ್ ತಂಪು ಮಾಡುವ ನೀರಿನ ಪೈಪಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಮೊದಲು ಎಲ್ಲಾ ಟ್ಯಾಂಕುಗಳ ಅಳತೆ ಕೋಲು ಇಳಿಸಿ ನೀರು ನುಗ್ಗಿದೆಯೇ ನೋಡಿ. ಒಣ ಕೋಲಿಗೆ ಸೀಮೆಸುಣ್ಣ ಬಳಿದು ಇಳಿಸಿದರೆ ನೀರಿನ ಗೆರೆ ಸ್ಪಷ್ಟ ಕಾಣುತ್ತದೆ. ಆಮೇಲೆ ಬಾರ್ಜ್ ಸುತ್ತ ನಾಲ್ಕು ನಾಲ್ಕು ಮೀಟರಿಗೆ ಗಳ ಇಳಿಸಿ, ಯಾವ ಕಡೆ ಆಳ ಇದೆ ಎಂದು ಒಂದು ಹಾಳೆಯಲ್ಲಿ ಬರೆದು ಮಾಸ್ಟರ್‌ಗೆ ಕೊಡಿ. ಬಂದ ದಾರಿಯಲ್ಲೇ ವಾಪಸ್ ಹೋಗುವುದು ಸಾಮಾನ್ಯವಾಗಿ ಕ್ಷೇಮ. ದಡದಲ್ಲಿ ಒಂದು ಕಡ್ಡಿ ನೆಟ್ಟು ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಗುರುತಿಡಿ. ಭರತ ಇಳಿತ ಇರುವ ಕಡೆ ಸುಮಾರು 12 ಗಂಟೆ 25 ನಿಮಿಷಕ್ಕೆ ಮುಂದಿನ ಭರತ, ಕಾಯಬಹುದು. ಮಳೆಗಾಲ ಮುಗಿದು ಇಳಿಯುತ್ತಿರುವ ಹೊಳೆಯಲ್ಲಿ ಕಾಯುವಂತಿಲ್ಲ, ಸರಕು ಬೇರೆ ಬಾರ್ಜ್‌ಗೆ ಇಳಿಸಿ ಹಗುರ ಮಾಡುವ ಏರ್ಪಾಟು ಅವತ್ತೇ ಆಗಬೇಕು.

ಪ್ರಶ್ನೆ: ಹೊರಡುವಾಗ ಏನೇನು ಒಯ್ಯಬೇಕು? ಮುದ್ದೆ ಸಿಗುತ್ತದೆಯೇ? (ಶಿಡ್ಲಘಟ್ಟ)

ಮುದ್ದೆ ಸಿಗುವುದಿಲ್ಲ. ಅನ್ನ, ಮೀನು, ಬೇಳೆ, ಆಲೂಗಡ್ಡೆಯೇ ಹೆಚ್ಚು. ಅಡುಗೆ ಸರದಿ ಮೇಲೆ ಬರುವುದರಿಂದ ಐದು ಕೆ.ಜಿ. ರಾಗಿಹಿಟ್ಟು ಒಯ್ದರೆ ನಿಮ್ಮ ಸರದಿಯ ದಿನ ನೀವೇ ರಾಜ. ಉಳಿದಂತೆ ಗಟ್ಟಿ ಅಡಿಯ, ಜಾರದ ಬೂಟು, ಮೈಗೆ ಅಂಟಿದ ಪ್ಯಾಂಟು, ಉದ್ದ ತೋಳಿನ ಹತ್ತಿ ಅಂಗಿ, ಚರ್ಮದ ಗ್ಲೌಸು, ಲಂಗರು ಬಿಡುವಾಗ ಬ್ರೇಕಿನಿಂದ ಹಾರುವ ತುಕ್ಕಿಗೆ ಕನ್ನಡಕ, ತಲೆಗೆ ಕಟ್ಟುವ ಟಾರ್ಚು, ಓಆರ್‌ಎಸ್ ಪೊಟ್ಟಣ. ಲುಂಗಿ ಮಲಗುವಾಗ ಉಟ್ಟುಕೊಳ್ಳಿ, ವಿಂಚ್ ಹತ್ತಿರ ಬೇಡ. ಸಂಬಳ, ರಜೆ, ವಿಮೆ, ವಾಪಸ್ ಬರುವ ಟಿಕೆಟ್ ಯಾರ ಖರ್ಚು ಎಂಬುದನ್ನೆಲ್ಲಾ ಕಾಗದದಲ್ಲಿ ಬರೆಸಿಕೊಂಡು ಒಂದು ಪ್ರತಿ ಮನೆಯಲ್ಲಿಡಿ, ಬಾರ್ಜ್‌ನ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನೂ ಅದರಲ್ಲೇ ಬರೆದಿಡಿ. ಹೊರಡುವ ತನಕ 12 ಮಿಲಿಮೀಟರಿನ ಮೂರು ಮೀಟರ್ ಹಗ್ಗ ಕೊಂಡು ಕಿಟಕಿ ಸರಳಿಗೆ ಬೋಲೈನ್, ಅಂದರೆ ಜಾರದ ಕುಣಿಕೆಯ ಗಂಟು ಹಾಕಿ ಬಿಚ್ಚುತ್ತಿರಿ, ಕಣ್ಣು ಮುಚ್ಚಿಕೊಂಡು ಬರುವವರೆಗೆ.